ಮುಳ್ಳಿಲ್ಲದ ಎಡೆ

ಮಂಗಳೂರಿಗೆ ಹೋಗಿ ಅಡುಗೆ ಕ್ಲಾಸು ಹುಡುಕಿದವಳು ಅಂತ ಕ್ಯಾತನಹಳ್ಳಿಯಲ್ಲಿ ನನ್ನನ್ನು ಇವತ್ತಿಗೂ ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಒಲೆ ಮುಂದೆ ಬೆಳೆದ ಹೆಣ್ಣು ಅಡುಗೆ ಕಲಿಯಲು ಬಸ್ಸು ಹತ್ತಿ ಘಾಟಿ ಇಳಿದು ಹೋದಳು ಅಂದರೆ ಯಾರಿಗಾದರೂ ನಗು ಬರುತ್ತದೆ. ನಾನು ಹೋದದ್ದು ಸತ್ತ ಅಣ್ಣನಿಗೆ ಎಡೆ ಇಡಲು, ಬದುಕಿದ್ದ ಅವ್ವನಿಗೆ ಉಣ್ಣಿಸಲು. ಇದನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ಬಿಡಿಸಿ ಹೇಳುವ ತಾಳ್ಮೆ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಅಣ್ಣ ಐ.ಟಿ.ಐ. ಮುಗಿಸಿ, ಹತ್ತಿರದಲ್ಲಿ ಎಲ್ಲೂ ಕೆಲಸ ಸಿಗದೆ, ಯಾರೋ ಹೇಳಿದರೆಂದು ಮಂಗಳೂರಿಗೆ ಹೋದ. ಅಲ್ಲಿ ಮೀನಿನ ದೋಣಿಗಳು ಬಂದು ನಿಲ್ಲುವ ಜಾಗಕ್ಕೆ ದಕ್ಕೆ ಅನ್ನುತ್ತಾರೆ. ಅದರ ಪಕ್ಕದ ಐಸ್ ಫ್ಯಾಕ್ಟರಿಯಲ್ಲಿ ಮೆಷೀನು ನೋಡಿಕೊಳ್ಳುವ ಕೆಲಸ ಅವನದು. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಅಲ್ಲಿಯ ಮೀನಿನ ಸಾರಿನ ಸುದ್ದಿ. ನಮ್ಮ ಕೆರೆ ಮೀನು, ಕಾಲುವೆ ಮೀನು ಒಂದು ಮೀನೇ ಅಲ್ಲ, ಕಾಯಿ ರುಬ್ಬಿ ಹಾಕಿ ಅವರು ಮಾಡುವ ಆ ಕೆಂಪು ಸಾರನ್ನು ಒಂದು ಸಲ ಉಂಡರೆ ಸಾಕು ಅಂತ ಬಾಯಿ ಚಪ್ಪರಿಸುತ್ತಿದ್ದ. ಅಪ್ಪ ನಗುತ್ತಿದ್ದ. ಅವ್ವನಿಗೆ ಮಾತ್ರ ಎಲ್ಲಿಲ್ಲದ ಉರಿ.

ಅವ್ವನ ಅಡುಗೆ ಅಂದರೆ ಮುದ್ದೆ. ಸಾರು ಯಾವುದಾದರೂ ಇರಲಿ, ಮುದ್ದೆ ನುಣ್ಣಗಿರಬೇಕು, ಬಿಸಿಯಿರಬೇಕು, ಅದನ್ನು ಉಣ್ಣುವ ಕ್ರಮದಲ್ಲಿ ಉಣ್ಣಬೇಕು. ಚಿಕ್ಕವನಿದ್ದಾಗ ಅಣ್ಣನಿಗೆ ಮುದ್ದೆ ಅಗಿಯುವ ಚಾಳಿಯಿತ್ತು. ಅವ್ವ ಪಕ್ಕದಲ್ಲೇ ಕೂತು, ಅವನ ದವಡೆ ಆಡಿದ್ದು ಕಂಡರೆ ತಲೆ ಮೇಲೆ ಮೊಟಕುತ್ತಿದ್ದಳು.

"ಅಗೀಬ್ಯಾಡ ಕಣ್ಲಾ, ನುಂಗು. ಅಗಿದ್ರೆ ಹಲ್ಗೆ ಅಂಟ್ಕತ್ತದೆ, ಹೊಟ್ಟೆಗೆ ಓಗಕಿಲ್ಲ."

ಅಣ್ಣ ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿದ್ದ. ಆಮೇಲೆ ಅದೇ ಅಭ್ಯಾಸವಾಗಿ, ಅನ್ನ, ರೊಟ್ಟಿ, ಮಾಂಸ, ಎಲ್ಲವನ್ನೂ ಗುಳುಂ ಅನ್ನಿಸಿ ಎಲ್ಲರಿಗಿಂತ ಮೊದಲು ಎದ್ದು ಕೈ ತೊಳೆಯುತ್ತಿದ್ದ. ನಾನೂ ಹಾಗೇ ಕಲಿತವಳು. ನಮ್ಮ ಕಡೆ ಇದನ್ನು ಯಾರೂ ವಿಶೇಷ ಅಂದುಕೊಳ್ಳುವುದಿಲ್ಲ.

ಕೊನೆಯ ಸಲ ಅವನು ಬಂದದ್ದು ಯುಗಾದಿಗೆ. ಹಬ್ಬದ ಮರುದಿನ, ಹೊಸತೊಡಕಿಗೆ, ಅವ್ವ ನಾಟಿ ಕೋಳಿ ಕೊಯ್ಯಿಸಿ ಸಾರು ಮಾಡಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ಅವಸರದಲ್ಲಿ ಉಣ್ಣುತ್ತಾ ಅವನು, ಇವತ್ತು ಅಲ್ಲಿದ್ದಿದ್ದರೆ ಮೀನಿನ ಸಾರು ಉಣ್ಣಬಹುದಿತ್ತು ಅಂದ. ತಮಾಷೆಗೆ ಅಂದದ್ದು. ಬೆಳಗಿನಿಂದ ಒಲೆ ಮುಂದೆ ಬೆಂದಿದ್ದ ಅವ್ವನಿಗೆ ತಮಾಷೆ ಹಿಡಿಸಲಿಲ್ಲ.

"ಅಂಗಿದ್ರೆ ಅಲ್ಲೇ ಉಣ್ಣೋಗ್ಲಾ. ನನ್ ಮುದ್ದೆ ಯಾಕೆ ನಿಂಗೆ?"

ಅವನು ನಕ್ಕ, ಉಳಿದ ತುತ್ತನ್ನು ನುಂಗಿದ, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದ. ಮಳೆ ಶುರುವಾದ ಮೇಲೆ ಅವನಿಗೆ ಮಲೇರಿಯಾ ಬಂತು. ಆ ವರ್ಷಗಳಲ್ಲಿ ಮಂಗಳೂರಿನಲ್ಲಿ ಅದು ಮನೆಮನೆಗೂ ಇತ್ತಂತೆ. ಜ್ವರ ತಲೆಗೇರಿತು ಎಂದು ನಮಗೆ ಫೋನು ಬಂದದ್ದು ಊರಿನ ಅಂಗಡಿಗೆ. ಅಪ್ಪ ಹೊರಟು ನಿಲ್ಲುವುದರೊಳಗೆ ಇನ್ನೊಂದು ಫೋನು ಬಂತು. ಅವನನ್ನು ಕರೆದುಕೊಂಡು ಬರಲು ಹೋಗಬೇಕಿದ್ದ ಅಪ್ಪ ವ್ಯಾನಿನಲ್ಲಿ ಹೆಣ ತಂದ.

ಆ ವರ್ಷದ ಪಿತೃಪಕ್ಷದಲ್ಲಿ ಅಣ್ಣನಿಗೂ ಎಡೆ ಇಟ್ಟೆವು. ನಮ್ಮಲ್ಲಿ ಸತ್ತವರು ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಎಲೆಯ ಮೇಲೆ ಇಡುತ್ತಾರೆ. ತಾತನ ಎಡೆಯಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ ಇರುತ್ತಿತ್ತು. ಧೂಪ ಹಾಕಿ, ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿ, ಆಮೇಲೆ ಎಲ್ಲದರಲ್ಲೂ ಒಂದಿಷ್ಟನ್ನು ಹೆಂಚಿನ ಮೇಲೆ ಕಾಗೆಗೆ ಇಡುವುದು. ಕಾಗೆ ಮುಟ್ಟಿದರೆ ಹೋದವರು ಉಂಡರು ಅಂತ ಅರ್ಥ. ಅಣ್ಣನ ಎಲೆಗೆ ಅವ್ವ ಕೋಳಿ ಸಾರು, ಮುದ್ದೆ, ವಡೆ, ಪಾಯಸ ಎಲ್ಲ ಇಟ್ಟಳು. ಕಾಗೆ ಬಂತು. ಪಕ್ಕದ ಮನೆ ತೆಂಗಿನ ಗರಿಯ ಮೇಲೆ ಕೂತು ನಮ್ಮ ಹೆಂಚನ್ನು ನೋಡಿ, ಹಾರಿ ಹೋಯಿತು. ಸಂಜೆವರೆಗೂ ಅವ್ವ ಅಂಗಳದಲ್ಲಿ ಕತ್ತೆತ್ತಿಕೊಂಡು ನಿಂತಿದ್ದಳು. ಇರುವೆ ಮುತ್ತಿದವು. ಕೇರಿಯ ಅಜ್ಜಿಯೊಬ್ಬಳು ಬಂದು, ಎಳೇ ಜೀವ, ಯಾವುದರ ಮೇಲೋ ಆಸೆ ಉಳಿದಿದೆ ಅಂದಳು. ಆ ಮುದುಕಿಯ ನಾಲಿಗೆಯ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ.

"ಮೀನ್ ಕೇಳ್ದ. ಅಲ್ಲೇ ಉಣ್ಣೋಗು ಅಂದ್ಬುಟ್ಟೆ," ಅಂದಳು ಅವ್ವ. ಅವತ್ತಿನಿಂದ ಮುದ್ದೆ ಬಿಟ್ಟಳು. ಅವನ ಎಡೆ ಕಾಗೆ ಮುಟ್ಟುವವರೆಗೆ ತಾನೂ ಮುದ್ದೆ ಮುಟ್ಟುವುದಿಲ್ಲ ಅಂತ.

ಅನ್ನ ಉಂಡುಕೊಂಡು ಇರಬಹುದಲ್ಲ ಅಂತ ಬೇರೆ ಕಡೆಯವರು ಕೇಳಬಹುದು. ಹುಟ್ಟಿದಾಗಿನಿಂದ ಮುದ್ದೆ ಉಂಡ ಹೊಟ್ಟೆಗೆ ಅನ್ನ ಇಳಿಯುವುದಿಲ್ಲ, ಇಳಿದರೂ ನಿಲ್ಲುವುದಿಲ್ಲ. ಒಂದು ಹಿಡಿ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಅರ್ಧ ನಾಯಿಗೆ ಹಾಕಿ ಏಳುತ್ತಿದ್ದಳು. ನಮಗೆ ಮಾತ್ರ ಎರಡು ಹೊತ್ತೂ ಮುದ್ದೆ ಕಟ್ಟಿ ಬಡಿಸುತ್ತಿದ್ದಳು. ಕಬ್ಬಿನ ಗದ್ದೆಯಲ್ಲಿ ಗಂಡಸರ ಸಮಕ್ಕೆ ಸೋಗೆ ಹೊರುತ್ತಿದ್ದವಳು, ಬೇಸಿಗೆಯ ಹೊತ್ತಿಗೆ ಹಸುವಿಗೆ ಒಂದು ಕೊಡ ನೀರು ಎತ್ತಿಡಲಾಗದೆ ಕೊಟ್ಟಿಗೆಯಲ್ಲಿ ಕುಸಿದಳು. ಮೊಳಕೈವರೆಗೆ ಬಳೆ ಜಾರುತ್ತಿತ್ತು. ಪಾಂಡವಪುರದ ಡಾಕ್ಟರು ರಕ್ತ ಇಲ್ಲ ಅಂದರು, ಟಾನಿಕ್ಕು ಬರೆದರು. ಟಾನಿಕ್ಕಿನ ಬಾಟಲಿ ಗೂಡಿನಲ್ಲಿ ಹಾಗೇ ಇತ್ತು. ಬೈದೆ, ಅತ್ತೆ, ನಾನೂ ಊಟ ಬಿಡುತ್ತೇನೆ ಅಂತ ಹೆದರಿಸಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಒಂದು ಸಂಜೆ ಹಾಲು ಕರೆಯುತ್ತಾ ಕೂತಿದ್ದ ಅಪ್ಪ ನನ್ನ ಕಡೆ ತಿರುಗದೆಯೇ ಹೇಳಿದ.

"ಇಂಗೇ ಆದ್ರೆ ನಿಮ್ಮವ್ವನೂ ಓಯ್ತಾಳೆ ಕಣವ್ವ."

ಅವತ್ತೇ ನಾನು ತೀರ್ಮಾನ ಮಾಡಿದೆ. ಬರುವ ಪಿತೃಪಕ್ಷಕ್ಕೆ ಆ ಮೀನಿನ ಸಾರು ಎಲೆಯ ಮೇಲೆ ಇರಬೇಕು. ಹೋಟೆಲಿನಿಂದ ತರುವಂತಿಲ್ಲ, ಎಡೆಯ ಅಡುಗೆಯನ್ನು ಮನೆಯವರೇ ತಲೆಗೆ ಸ್ನಾನ ಮಾಡಿ ಮಾಡಬೇಕು. ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಧೂಪ ಹಾಕುವ ಮುಂಚೆ ಆ ಅಡುಗೆಯ ಉಪ್ಪು ಖಾರ ನೋಡುವಂತಿಲ್ಲ. ನಾಲಿಗೆಗೆ ತಾಗಿದರೆ ಎಂಜಲು. ಬಸ್ಸಾರಾದರೆ ಕಣ್ಣು ಮುಚ್ಚಿ ಮಾಡಬಲ್ಲೆ, ಯಾವತ್ತೂ ಉಣ್ಣದ ಸಾರನ್ನು ರುಚಿ ನೋಡದೆ ಮಾಡುವುದು ಹೇಗೆ? ಸರಿಯಾಗಿ ಕಲಿಯಬೇಕು. ನಾನು ಪಾಂಡವಪುರದಲ್ಲಿ ಟೈಪಿಂಗ್ ಕಲಿತದ್ದು ಕ್ಲಾಸಿನಲ್ಲಿ, ಹೊಲಿಗೆ ಕಲಿತದ್ದೂ ಕ್ಲಾಸಿನಲ್ಲಿ. ಕಲಿಯುವುದು ಅಂದರೆ ಬೋರ್ಡು ಹಾಕಿದ ಒಂದು ಕೋಣೆ ಅಂತಲೇ ನನ್ನ ತಲೆಯಲ್ಲಿದ್ದದ್ದು.

ಗೌರಿ ಹಬ್ಬ ಮುಗಿದ ಮೇಲೆ ಮೈಸೂರಿಗೆ ಹೋಗಿ ಮಂಗಳೂರಿನ ಬಸ್ಸು ಹತ್ತಿದೆ. ಟೈಪಿಂಗ್ ಕ್ಲಾಸಿನ ಗೆಳತಿಯೊಬ್ಬಳು ಅಲ್ಲಿ ನರ್ಸ್ ಆಗಿದ್ದಳು, ಅವಳ ಬಾಡಿಗೆ ಕೋಣೆಯಲ್ಲಿ ಇಳಿದೆ. ಅಣ್ಣ ಊಟ ಮಾಡುತ್ತಿದ್ದ ಜಾಗಕ್ಕೇ ನೇರವಾಗಿ ಹೋಗಬಹುದಿತ್ತಲ್ಲ ಅಂತ ಗೆಳತಿ ಕೇಳಿದಳು. ಅವನು ಓಡಾಡಿದ ಬೀದಿ, ಅವನು ಜ್ವರ ಬಂದು ಮಲಗಿದ ಕೋಣೆ, ಅವು ಯಾವುವೂ ನನಗೆ ಬೇಕಿರಲಿಲ್ಲ. ಊರಲ್ಲಿ ಒಳ್ಳೆಯ ಅಡುಗೆ ಕ್ಲಾಸು ಎಲ್ಲಿದೆ ಹೇಳು ಸಾಕು ಅಂದೆ.

ಮೊದಲು ಹೋದದ್ದು ಪೇಟೆಯ ನಡುವಿನ ಮಹಡಿ ಮೇಲಿನ ಕ್ಲಾಸಿಗೆ. ಇಸ್ತ್ರಿ ಸೀರೆಯ ಹೆಂಗಸರು ಮೇಜಿನ ಸುತ್ತ ನಿಂತು ಕೇಕಿನ ಮೇಲೆ ಗುಲಾಬಿ ಹೂ ಬಿಡಿಸುತ್ತಿದ್ದರು. ಮುಂದಿನ ವಾರ ಪುಡ್ಡಿಂಗ್, ಅದರಾಚೆ ವಾರ ಗೋಬಿ ಮಂಚೂರಿ. ನಾನು ಮೀನಿನ ಸಾರು ಅಂದಾಗ ಟೀಚರು ಕೆಟ್ಟದಾಗಿಯೇನೂ ನಗಲಿಲ್ಲ.

"ಅದನ್ನು ಕಲೀಲಿಕ್ಕೆ ಕ್ಲಾಸಿಗೆ ಯಾರು ಬರ್ತಾರೆ? ಅದು ಅಮ್ಮನ ಹತ್ರ ಕಲಿಯುವುದಲ್ವಾ?"

ಮೆಟ್ಟಿಲಿಳಿಯುತ್ತಾ ನನಗೆ ಅಳು ಬಂತು, ಆ ಸಕ್ಕರೆ ಗುಲಾಬಿಗಳ ಮೇಲೆ ಸಿಟ್ಟೂ ಬಂತು. ಮರುದಿನ ಗಲ್ಲಿಯೊಂದರಲ್ಲಿ "ಪಾಕಶಾಲೆ" ಎಂದು ಬೋರ್ಡಿದ್ದ ಮನೆಗೆ ಹೋದೆ. ವಯಸ್ಸಾದ ಹೆಂಗಸು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಕಲಿಸುತ್ತಿದ್ದರು. ಬೆಲ್ಲ ನೀರು ಕೊಟ್ಟು ಕೂರಿಸಿದರು. ಮೀನು ಎಂಬ ಶಬ್ದ ಬಾಯಿಂದ ಬಿದ್ದದ್ದೇ, ಲೋಟ ತೊಳೆದಿಟ್ಟು ಹೋಗಬೇಕೆಂದು ಬಹಳ ಮರ್ಯಾದೆಯಿಂದ ಹೇಳಿದರು. ತೊಳೆದಿಟ್ಟು ಬಂದೆ.

ಮೂರನೆಯದು ನಿಜಕ್ಕೂ ಒಳ್ಳೆಯ ಕ್ಲಾಸು. ಮದುವೆಯಾಗಿ ಮುಂಬೈಗೆ ಹೋಗುವ ಹುಡುಗಿಯರಿಗೆ ಒಬ್ಬರು ತಮ್ಮ ಮನೆಯ ಹಿತ್ತಲಿನ ಚಪ್ಪರದಲ್ಲಿ ಊರಿನ ಅಡುಗೆ ಕಲಿಸುತ್ತಿದ್ದರು. ಮೀನು ಹೆಚ್ಚುವುದರಿಂದ ಶುರು. ಒಣಮೆಣಸಿನಕಾಯಿ ಹೇಗೆ ಹುರಿಯಬೇಕು, ಕಾಯಿ ಎಷ್ಟು ನುಣ್ಣಗಾಗಬೇಕು, ಎಲ್ಲವನ್ನೂ ಬೆರಳಲ್ಲಿ ಮುಟ್ಟಿಸಿ ತೋರಿಸುವವರು. ಆದರೆ ಮಾತುಮಾತಿಗೂ ಸೌಟಿನಿಂದ ಅಂಗೈಗೆ ಬಿಟ್ಟು, ರುಚಿ ನೋಡಿ, ಹುಳಿ ಸಾಕಾ, ಉಪ್ಪು ಸಾಕಾ ಅನ್ನುತ್ತಿದ್ದರು. ನಾನು ರುಚಿ ನೋಡದೆ ಮಾಡುವುದನ್ನು ಕಲಿಸಿ ಅಂದೆ, ಯಾಕೆಂದೂ ಹೇಳಿದೆ. ಅವರು ಸೌಟು ಕೆಳಗಿಟ್ಟರು. ಈ ಊರಲ್ಲಿ ಜಾತಿಗೊಂದು, ಮನೆಗೊಂದು ಮೀನಿನ ಸಾರಿದೆ, ಹೋದವನು ಯಾವುದನ್ನು ಉಂಡನೋ ಅದನ್ನೇ ಇಡಬೇಕಲ್ಲವಾ ಅಂತ ಕೇಳಿದರು.

"ಅವರು ಉಂಡ ಮನೆಗೇ ಹೋಗಿ. ನನ್ನದು ಕಲಿತರೆ ಅದು ನನ್ನ ಸಾರು ಆಗ್ತದೆ, ಅವರದ್ದಲ್ಲ."

ಸರಿಯಾದ ಮಾತು. ಎಲ್ಲಿಂದ ತಪ್ಪಿಸಿಕೊಂಡಿದ್ದೆನೋ ಅಲ್ಲಿಗೇ ಹೋಗಬೇಕಾಯಿತು.

ದಕ್ಕೆಯ ದಾರಿ ಕೆಸರು, ಮೀನಿನ ನೀರು, ಡೀಸೆಲ್ ವಾಸನೆ. ಅಣ್ಣನ ಹೆಸರು ಹೇಳಿದೊಡನೆ ಐಸ್ ಫ್ಯಾಕ್ಟರಿಯ ಗೇಟಿನಲ್ಲಿದ್ದವನು ಒಳಗೆ ಬರುತ್ತೀರಾ ಅಂದ. ಬೇಡ ಅಂದೆ. ಅಣ್ಣ ಊಟಕ್ಕೆ ಹೋಗುತ್ತಿದ್ದದ್ದು ಹಿಂದಿನ ಹೆಂಚಿನ ಮನೆಗೆ ಎಂದು ಕೈ ತೋರಿಸಿದ. ಅಲ್ಲಿ ಕೂಲಿಯವರಿಗೆ ಊಟ ಹಾಕುವ ಒಂದು ಮೆಸ್ಸು. ನಡೆಸುತ್ತಿದ್ದವಳಿಗೆ ಅವ್ವನ ವಯಸ್ಸಿರಬಹುದು, ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದ ಹೆಂಗಸು. ನನ್ನ ಮುಖ ನೋಡಿದವಳೇ, ನೀನು ಅವನ ತಂಗಿಯಾ ಎಂದು ಕೇಳಿದಳು. ಹೌದು ಅಂದೆ, ಬಂದ ಕಾರಣವನ್ನೂ ಹೇಳಿದೆ. ಆಮೇಲೆ ಅವಳು ನನಗೆ ಈರುಳ್ಳಿ ಸುಲಿಯಲು ಕೊಟ್ಟಳು.

ಕಲಿಸಲು ತನಗೆ ಹೊತ್ತಿಲ್ಲ, ಬೆಳಿಗ್ಗೆ ಬಂದು ಜೊತೆಗೆ ಕೆಲಸ ಮಾಡು, ನೋಡಿ ಕಲಿ ಅಂದಳು. ಹಾಗೇ ಮಾಡಿದೆ. ಒಣಮೆಣಸಿನಕಾಯಿ, ಕೊತ್ತಂಬರಿ, ಕಾಯಿ, ಹುಣಸೆ. ನಾನು ಹಿಡಿಯಲ್ಲಿ ಅಳೆದೆ, ಉಪ್ಪನ್ನು ಅಂಗೈಯ ಗೆರೆ ನೋಡಿ ಗುರುತು ಹಾಕಿಕೊಂಡೆ. ಸಾರು ಕುದಿದು ಬಣ್ಣ ತಿರುಗುವ ಹೊತ್ತಿಗೆ ಬರುವ ವಾಸನೆಯನ್ನು ಮೂಗಿಗೆ ಕಲಿಸಿದೆ. ಮನೆಯಲ್ಲಿ ತಾನೇ ರುಚಿ ನೋಡುವಂತಿಲ್ಲ, ಇಲ್ಲಿ ಉಣ್ಣು ಎಂದು ಅವಳು ಬಡಿಸಿದಳು. ಅನ್ನಕ್ಕೆ ಸಾರು ಕಲಸಿಕೊಂಡು ಒಂದು ತುತ್ತು ನುಂಗಿ, ಬಂಗುಡೆ ಮೀನಿನ ತುಂಡು ಮುರಿದು ತುತ್ತಿಗೆ ಸೇರಿಸಿ ಬಾಯಿಗಿಡುವಾಗ ಅವಳು ನನ್ನ ಕೈ ಹಿಡಿದುಬಿಟ್ಟಳು.

"ನೀನೂ ನುಂಗ್ತೀಯಾ? ಮುಳ್ಳು ಉಂಟು ಮಾರಾಯ್ತಿ."

ಆಮೇಲೆ ಹೇಳಿದಳು. ಅಣ್ಣ ಬಂದ ಹೊಸದರಲ್ಲಿ ಮೀನನ್ನು ಹಾಗೇ ನುಂಗಿದ್ದ. ಮುಳ್ಳು ಗಂಟಲಿಗೆ ಅಡ್ಡ ಸಿಕ್ಕಿ ಕಣ್ಣು ಮೇಲೆ ಹೋಯಿತು. ಇವಳು ಒಣ ಅನ್ನದ ಉಂಡೆ ನುಂಗಿಸಿದಳು, ಬಾಳೆಹಣ್ಣು ನುಂಗಿಸಿದಳು, ಕೊನೆಗೆ ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೆಗೆಸಿದಳು. ಅಗಿದು ತಿನ್ನು ಮಗ, ಮುಳ್ಳು ನಾಲಿಗೆಗೆ ಸಿಗುತ್ತದೆ ಅಂತ ಎಷ್ಟು ಹೇಳಿದರೂ ಅವನಿಂದ ಆಗಲಿಲ್ಲ. ಅಗಿಯಲು ಹೋದರೆ ಓಕರಿಸುತ್ತಿದ್ದ. ಅಲ್ಲಿಂದಾಚೆಗೆ ಅವನು ಅವಳ ಮನೆಯಲ್ಲಿ ಒಂದು ತುಂಡು ಮೀನು ಮುಟ್ಟಲಿಲ್ಲ. ಬರೀ ಸಾರು. ಅದನ್ನೂ ಸೋಸಿ ಬಡಿಸಬೇಕಿತ್ತು. ಜೊತೆಯ ಹುಡುಗರು ಮಗುವಿಗೆ ಸೋಸಿ ಕೊಡಿ ಅಂತ ಗೇಲಿ ಮಾಡಿದರೆ ತಾನೂ ನಗುತ್ತಿದ್ದನಂತೆ.

"ಹೀಗೆ ನುಂಗ್ಲಿಕ್ಕೆ ಅವನಿಗೆ ಕಲಿಸಿದ್ದು ಯಾರು?" ಅಂತ ಕೇಳಿದಳು.

ನಾನು ಅಡುಗೆಮನೆಯ ಹೊಗೆಯ ನೆಪದಲ್ಲಿ ಹೊರಗೆ ಬಂದು ಕೂತು ಅತ್ತೆ. ನಮ್ಮ ಜಗಲಿಯಲ್ಲಿ ಕೂತು ಮೀನಿನ ಬಗ್ಗೆ ಅಷ್ಟೆಲ್ಲ ಕೊಚ್ಚಿಕೊಂಡವನು ಮೀನನ್ನೇ ತಿನ್ನುತ್ತಿರಲಿಲ್ಲ. ಸಾರು ಇಷ್ಟವಾಗಿದ್ದದ್ದೇನೋ ನಿಜ, ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದನಂತೆ. ಅಷ್ಟಾದರೂ ನಿಜವಿತ್ತಲ್ಲ ಅಂತ ಸಮಾಧಾನ ಮಾಡಿಕೊಂಡೆ. ಅವ್ವನಿಗೆ ಮಾತ್ರ ಮುಳ್ಳಿನ ಸುದ್ದಿ ಹೇಳಬಾರದು ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಬಂದೆ. ಒಂದು ಮಾತಿನ ಭಾರಕ್ಕೇ ಮುದ್ದೆ ಬಿಟ್ಟವಳು, ಇದನ್ನೂ ಹೊತ್ತರೆ ಉಳಿಯುತ್ತಾಳಾ?

ಪಿತೃಪಕ್ಷದ ಅಮಾವಾಸ್ಯೆಯ ಬೆಳಿಗ್ಗೆ ಅಪ್ಪ ಯಾರಿಗೂ ಹೇಳದೆ ಪಾಂಡವಪುರದ ಸ್ಟೇಷನ್ನಿಗೆ ನಡೆದು, ಮೊದಲ ರೈಲಿನಲ್ಲಿ ಮೈಸೂರಿಗೆ ಹೋಗಿ, ನಾನು ಹೆಸರು ಹೇಳಿದ್ದ ಬಂಗುಡೆಯನ್ನು ಐಸಿನಲ್ಲಿ ತಂದಿದ್ದ. ಚೀಲ ನನ್ನ ಕೈಗಿಟ್ಟು, ಇದೇನಾ ನೋಡು ಎಂದ. ಅದೇ. ನಾನು ತಲೆಗೆ ನೀರು ಹಾಕಿಕೊಂಡು ಒಲೆ ಹಚ್ಚಿದೆ. ಅವ್ವನಿಗೆ ನಿಲ್ಲಲು ಶಕ್ತಿಯಿಲ್ಲ, ಗೋಡೆಗೆ ಒರಗಿ ಕೂತು ನಾನು ಮಾಡುವುದನ್ನೇ ನೋಡುತ್ತಿದ್ದಳು. ಮೆಣಸಿನಕಾಯಿ ಹುರಿದೆ, ಕಾಯಿ ರುಬ್ಬಿದೆ, ಉಪ್ಪನ್ನು ಅಂಗೈಯ ಗೆರೆಗೆ ಅಳೆದೆ. ಬಣ್ಣ ತಿರುಗಿತು, ವಾಸನೆ ಬಂತು. ಆ ಮೆಸ್ಸಿನ ವಾಸನೆಯೇ. ಮೀನಿನ ತುಂಡುಗಳನ್ನೆಲ್ಲ ತೆಗೆದು ಬೇರೆ ಪಾತ್ರೆಗೆ ಹಾಕಿ, ಸಾರನ್ನು ಬಟ್ಟೆಯಲ್ಲಿ ಸೋಸಿ ಎಲೆಯ ಮೇಲಿನ ದೊನ್ನೆಗೆ ಬಿಟ್ಟೆ.

"ಮೀನೆಲ್ಲಿ?" ಅಂದಳು ಅವ್ವ.

ಅಲ್ಲಿ ಹೀಗೇ ಇಡುತ್ತಾರೆ ಅಂದೆ. ಹತ್ತಿಪ್ಪತ್ತು ಸುಳ್ಳು ಯೋಚಿಸಿಕೊಂಡು ಬಂದಿದ್ದವಳಿಗೆ ಆ ಹೊತ್ತಿಗೆ ಸಿಕ್ಕಿದ್ದು ಅದೊಂದೇ. ಅವ್ವ ನನ್ನ ಮುಖ ನೋಡಿದಳು.

"ಸೋಸಿದ್ಯಾಕೆ, ನಿಜ ಏಳು. ಸತ್ತೋನ್ ಮುಂದೆ ಸುಳ್ಳಾಡ್ಬ್ಯಾಡ."

ಹೇಳಿಬಿಟ್ಟೆ. ಮುಳ್ಳು ಸಿಕ್ಕಿದ್ದು, ಡಾಕ್ಟರು ತೆಗೆದದ್ದು, ಅಗಿಯಲು ಬಾರದ್ದು, ಸೋಸಿ ಬಡಿಸುತ್ತಿದ್ದದ್ದು, ಎಲ್ಲವನ್ನೂ ಒಲೆಯ ಕಡೆ ಮುಖ ಮಾಡಿಕೊಂಡು ಹೇಳಿದೆ. ಕಲಿಸಿದ್ದು ಯಾರು ಅಂತ ಆ ಹೆಂಗಸು ಕೇಳಿದ್ದೊಂದನ್ನು ಬಿಟ್ಟು. ಅದನ್ನು ನಾನು ಹೇಳುವ ಅಗತ್ಯವೇ ಇರಲಿಲ್ಲ. ಅವ್ವ ತನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಮೊಟಕುತ್ತಿದ್ದ ಆ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ನೀವುತ್ತಾ ಕೂತಳು.

ಅಪ್ಪ ಧೂಪ ಹಾಕಿದ. ಹೆಂಚಿನ ಮೇಲೆ ಎಲೆ ಇಟ್ಟು ಕಾದೆವು. ಊರೆಲ್ಲ ಎಡೆ ಇಟ್ಟಿದ್ದ ದಿನ, ಕಾಗೆಗಳಿಗೆ ಬಿಡುವಿಲ್ಲ. ಕೊನೆಗೊಂದು ನಮ್ಮ ಹೆಂಚಿಗೂ ಬಂತು. ದೊನ್ನೆಗೆ ಕೊಕ್ಕು ಹಾಕಿತು, ವಡೆಯ ಚೂರು ಕಚ್ಚಿಕೊಂಡು ಹಾರಿತು. ಅದು ಅಣ್ಣನೋ, ಹಸಿದ ಹಕ್ಕಿಯೋ, ನನಗೆ ಬೇಕಿರಲಿಲ್ಲ. ಮುಟ್ಟಿತು ಕಣವ್ವ ಅಂತ ಓಡಿ ಬಂದೆ. ಅವ್ವ ಅಂಗಳಕ್ಕೆ ಬಂದಿರಲೇ ಇಲ್ಲ. ವರ್ಷವಿಡೀ ಕಾದವಳು ಎದ್ದು ಬಂದು ಕತ್ತೆತ್ತಿ ನೋಡಲೂ ಇಲ್ಲ. ಅಪ್ಪ ಬಾಗಿಲಲ್ಲಿ ನಿಂತು, ಮುಟ್ಟಿತಲ್ಲ, ಇನ್ನಾದರೂ ಉಣ್ಣು ಎಂದ.

"ಇಕ್ಕು," ಅಂದಳು.

ತಟ್ಟೆಗೆ ಬಿಸಿ ಮುದ್ದೆ ಇಟ್ಟು, ಪಕ್ಕಕ್ಕೆ ಆ ಸೋಸಿದ ಸಾರು ಬಿಟ್ಟೆ. ಅವ್ವ ತುತ್ತು ಮುರಿದು ಉರುಟು ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಗಂಟಲು ಏಳುವುದನ್ನೇ ನಾನೂ ಅಪ್ಪನೂ ನೋಡುತ್ತಾ ನಿಂತೆವು. ಗಂಟಲು ಏಳಲಿಲ್ಲ. ದವಡೆ ಆಡಿತು. ಅವ್ವ ಮುದ್ದೆಯನ್ನು ಅಗಿಯುತ್ತಿದ್ದಳು. ಹಿಟ್ಟು ಹಲ್ಲಿಗೆ ಅಂಟುತ್ತಿತ್ತು, ನಾಲಿಗೆಯಲ್ಲಿ ಬಿಡಿಸಿಕೊಂಡು ಮತ್ತೆ ಅಗಿದಳು. ಕಣ್ಣಿಂದ ನೀರು ಇಳಿದು ತುಟಿಯ ತನಕ ಬಂತು, ಒರೆಸಿಕೊಳ್ಳಲಿಲ್ಲ. ಆ ಒಂದು ತುತ್ತು ಮುಗಿಯಲು ತುಂಬಾ ಹೊತ್ತು ಹಿಡಿಯಿತು. ನುಂಗವ್ವ ಅಂದೆ. ತಲೆ ಅಲ್ಲಾಡಿಸಿ ಇನ್ನೊಂದು ತುತ್ತು ಮುರಿದಳು.

ಆಮೇಲೆ ಅವ್ವ ಬದುಕಿದಳು. ಬಳೆ ಮತ್ತೆ ಮುಂಗೈಗೆ ಬಿಗಿಯಾಯಿತು, ಕೊಡ ಎತ್ತಿದಳು. ನನಗೆ ಮದುವೆಯಾಗಿ ಮಕ್ಕಳಾದ ಮೇಲೆ ತವರಿಗೆ ಹೋದಾಗಲೆಲ್ಲ ಅವಳ ಪಕ್ಕದಲ್ಲೇ ಕೂತು ಉಂಡಿದ್ದೇನೆ. ನಾವೆಲ್ಲ ಉಂಡು ಕೈ ತೊಳೆದು ಬಂದರೂ ಅವಳ ಊಟ ಮುಗಿದಿರುತ್ತಿರಲಿಲ್ಲ. ಸಾಯುವ ತನಕ ಅವಳು ಒಂದು ತುತ್ತನ್ನೂ ನುಂಗಲಿಲ್ಲ, ಅಗಿದೇ ಉಂಡಳು.